ಮಕ್ಕಳ ಜೊತೆ ಕಡಲಿಗೆ ಹೋಗುವಾಗ

ಕಾರವಾರದ ಮಕ್ಕಳಿಗೆ ಕಡಲು ಹಿತ್ತಲಿದ್ದ ಹಾಗೆ. ಆದರೂ ಶಾಲೆಯಿಂದ ಹೋದರೆ ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು, ಚುರುಮುರಿ ಕೊಡಿಸಿ ವಾಪಸ್. ನಾನೂ ಮೊದಲ ಸಲ ಮಾಡಿದ್ದು ಅದನ್ನೇ, ಅದೂ ಭರತದ (ನೀರು ಏರುವ) ಹೊತ್ತಿಗೆ ಹೋಗಿ! ಬರೀ ನೀರು ನೋಡಿ ಬಂದೆವು.

ಹಾಗಾಗಿ ಮೊದಲು ಹೊತ್ತು ನೋಡಿ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಹಿಂದೆ ಹೋಗುತ್ತದೆ. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಬಲೆ ಹೊಲಿಯುತ್ತ ಕೂತವರನ್ನು ಕೇಳಿ, ಸರಿಯಾಗಿ ಹೇಳುತ್ತಾರೆ. ಇಳಿತಕ್ಕೆ ಒಂದು ತಾಸು ಮೊದಲೇ ಹೋಗಿ, ನೀರು ತಿರುಗಿದ ಕೂಡಲೇ ಬಂಡೆ ಬಿಟ್ಟು ಮೇಲೆ ಬನ್ನಿ. ಮಳೆಗಾಲದಲ್ಲಿ ಬೇಡವೇ ಬೇಡ. ಸತ್ತು ಬಿದ್ದ ಜೆಲ್ಲಿಫಿಶ್ ಕೂಡ ಮುಟ್ಟಬಾರದು, ಚುರುಗುಟ್ಟುತ್ತದೆ.

ನಾಲ್ಕು ಮೀಟರ್ ಹಗ್ಗ ಒಯ್ಯಿರಿ. ನಾಲ್ಕು ಮಕ್ಕಳು ಒಂದೊಂದು ಮೂಲೆ ಹಿಡಿದು ಮರಳ ಮೇಲೆ ಚೌಕ ಮಾಡಲಿ, ಅದರೊಳಗಿನದನ್ನಷ್ಟೇ ನೋಡಲಿ. ಸಣ್ಣ ತೂತು, ಸುತ್ತ ರಂಗೋಲಿ ಚುಕ್ಕಿ ಇಟ್ಟ ಹಾಗೆ ಮರಳಿನ ಪುಟ್ಟ ಉಂಡೆಗಳು ಕಾಣುತ್ತವಲ್ಲ, ಅದು ಉಗುರಿನಷ್ಟಿರುವ ಏಡಿಯ ಕೆಲಸ. ಮರಳನ್ನು ಬಾಯಿಗೆ ಹಾಕಿ, ಅದಕ್ಕಂಟಿದ ತಿನ್ನುವಂಥದ್ದನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಉಂಡೆ ಮಾಡಿ ಬಿಸಾಕುತ್ತದೆ. ಅಲ್ಲಾಡದೆ ಕೂತರೆ ಹೊರಗೆ ಬರುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ಸುಮ್ನೆ ಕೂರುವುದನ್ನು ಅವತ್ತೇ ನಾನು ನೋಡಿದ್ದು.

ಮೀನುಗಾರರ ಮನೆಯ ಮಕ್ಕಳಿದ್ದರೆ ಪಾಠ ಅವರಿಗೇ ಬಿಡಿ. ತಾರ್ಲೆ ಯಾವುದು, ಬಂಗಡೆ ಯಾವುದು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಯಾಕೆ ದಡದಲ್ಲಿರುತ್ತವೆ, ಎಲ್ಲ ಅವರಿಗೆ ಗೊತ್ತು. ಕೊಂಕಣಿ ಹೆಸರು ಹೇಳಿದರೆ ತಿದ್ದಬೇಡಿ, ನೋಟ್‌ಬುಕ್ಕಿನಲ್ಲಿ ಹಾಗೇ ಬರೆಯಲಿ.

ಇದೇನು ನಾವು ಮಾಡುವ ಉಪಕಾರ ಅಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿದೆ. ಪ್ರಕೃತಿಯ ಬಗ್ಗೆ ಗೌರವ ಬೆಳೆಸುವುದೂ ಶಿಕ್ಷಣದ ಕೆಲಸ ಅನ್ನುತ್ತದೆ ಅದರ 29ನೇ ವಿಧಿ. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತಿಗೂ ಬೆಲೆ ಕೊಡಿ ಅನ್ನುತ್ತದೆ 12ನೇ ವಿಧಿ. ನಾವು ಮರೆಯುವುದು ಈ ಎರಡನೆಯದನ್ನೇ.

ಗಟಾರದ ನೀರು ಯಾಕೆ ಸೀದಾ ಸಮುದ್ರಕ್ಕೆ ಹೋಗುತ್ತದೆ ಎಂದು ಮಗು ಕೇಳಿದರೆ, ದೊಡ್ಡವಳಾದ ಮೇಲೆ ಗೊತ್ತಾಗುತ್ತೆ ಅನ್ನಬೇಡಿ. ಅವಳ ಮಾತಲ್ಲೇ ಬರೆಸಿ. ಪಂಚಾಯ್ತಿ ಊರಾದರೆ ಮಕ್ಕಳ ಗ್ರಾಮಸಭೆಗೆ ಒಯ್ದು, ಅವಳೇ ಓದಲಿ, ನಡಾವಳಿ ಪುಸ್ತಕಕ್ಕೆ ಹತ್ತಿತೋ ಇಲ್ಲವೋ ನೋಡಿಕೊಂಡೇ ಏಳಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ನಿಮ್ಮ ಮುಖ ನೋಡಿ ಉತ್ತರ ಕೊಡಲು ಶುರು ಮಾಡಿದರೆ, "ಸರ್, ಕೇಳಿದ್ದು ಇವಳು" ಎಂದು ತೋರಿಸಿ.