ತಮಿಳಲ್ಲಿ ಬರೆದೆ, ಕನ್ನಡ ಅಕ್ಷರದಲ್ಲಿ ಮನೆ ತಲುಪಿತು

ನಾನು ಕಾದಂಬರಿ ಬರೆದದ್ದು ತಮಿಳಿನಲ್ಲಿ. ಕೂತು ಬರೆದದ್ದು ಸಿಂಗಪುರದಲ್ಲಿ. ಕತೆ ನಡೆಯುವುದು ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್‌ನಲ್ಲಿ. ಪುಸ್ತಕ ಕೈಗೆ ಬಂದಾಗ ಊರಿನ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ನಮ್ಮ ಮುತ್ತಜ್ಜ ಉತ್ತರ ಆರ್ಕಾಟ್ ಕಡೆಯಿಂದ ಗಣಿ ಕೆಲಸಕ್ಕೆ ಬಂದವರು. ಗಣಿ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ನಮ್ಮ ಸುತ್ತಮುತ್ತ ಎಲ್ಲರ ಮಾತೂ ತಮಿಳೇ. ಅಪ್ಪನಿಗೆ ತಮಿಳು ಓದೋಕೆ ಬರುತ್ತಿತ್ತು. ಆದರೆ "ನಾಳೆ ಕೆಲಸ ಸಿಗೋದು ಬೆಂಗಳೂರಲ್ಲಿ" ಅಂತ ನನ್ನನ್ನೂ ತಮ್ಮನನ್ನೂ ಕನ್ನಡ ಶಾಲೆಗೆ ಹಾಕಿದರು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ತಮ್ಮ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿ ಬರಲು ಶುರು ಮಾಡಿದ. ನಾನು ಮದುವೆಯಾಗಿ ಸಿಂಗಪುರಕ್ಕೆ ಬಂದೆ. ಅಪ್ಪ ಕೆಮ್ಮುತ್ತಾ ಕೆಮ್ಮುತ್ತಾ ಒಂದು ದಿನ ಹೋಗಿಬಿಟ್ಟರು.

ಸಿಂಗಪುರದಲ್ಲಿ ತಮಿಳು ಸರ್ಕಾರಿ ಭಾಷೆಗಳಲ್ಲಿ ಒಂದು. ಮಕ್ಕಳಿಗೆ ಶಾಲೆಯಲ್ಲೇ ಕಲಿಸುತ್ತಾರೆ. ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಅವಳ ಪುಸ್ತಕ ಇಟ್ಟುಕೊಂಡು ನಾನೂ ಅಕ್ಷರ ತಿದ್ದಿದೆ. ಕನ್ನಡ ಬರೆಯೋರಿಗೆ ತಮಿಳು ಲಿಪಿ ಸುಲಭ ಅನಿಸುತ್ತೆ, ಅಕ್ಷರ ಕಡಿಮೆ ಅಲ್ವಾ? ಕಷ್ಟ ಇರೋದು ಬೇರೆ ಕಡೆ. ನಮ್ಮಲ್ಲಿ ಬಳಕೆ ತಪ್ಪಿಹೋದ ೞ, ಱ ಅಲ್ಲಿ ಇವತ್ತಿಗೂ ಇವೆ. ತಮಿಳಲ್ಲಿ ವಲಿ ಅಂದರೆ ನೋವು, ವಳಿ ಅಂದರೆ ಗಾಳಿ, ವೞಿ ಅಂದರೆ ದಾರಿ. ನಮ್ಮ ಲೈನ್‌ನಲ್ಲಿ ಮಾತಾಡುವಾಗ ಳ ಮತ್ತು ೞ ಎರಡೂ ಒಂದೇ. ನನ್ನ ಮೊದಲ ಕರಡಿನಲ್ಲಿ ಅಪ್ಪ ಶಿಫ್ಟ್ ಮುಗಿಸಿ ಮನೆಯ ದಾರಿ ಹಿಡಿಯುವ ಕಡೆಯೆಲ್ಲ ಮನೆಯ ಗಾಳಿ ಹಿಡಿಯುತ್ತಿದ್ದರು. ಚೆನ್ನೈನ ಸಂಪಾದಕರು ಅದನ್ನೆಲ್ಲ ತಿದ್ದಿ ಕಳಿಸಿದರು. ಅವರ ಋಣ ನನ್ನ ಮೇಲೆ ದೊಡ್ಡದಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಒಪ್ಪಲಿಲ್ಲ. ನಮ್ಮ ಮನೆ ತಮಿಳಿನಲ್ಲಿ ಬಚ್ಚಲು, ಸೊಪ್ಪು ಅನ್ನೋ ಮಾತುಗಳು ಹಾಗೇ ಇವೆ. "ಸೊಪ್ಪು ಬೇಡ, ಕೀರೈ ಅಂತ ಹಾಕೋಣ, ಓದುಗರಿಗೆ ಅರ್ಥವಾಗಲ್ಲ" ಅಂದರು. ಅಮ್ಮ ಜೀವನದಲ್ಲಿ ಕೀರೈ ಅಂದಿಲ್ಲ ಸಾರ್ ಅಂದೆ. ಸೊಪ್ಪು ಉಳಿಯಿತು.

ಬರೆಯುತ್ತಿದ್ದದ್ದು ಬೆಳಗ್ಗೆ ಐದರಿಂದ ಆರೂವರೆ, ಅಡುಗೆಮನೆ ಮೇಜಿನ ಮೇಲೆ. ಅಲ್ಲಿ ಸೂರ್ಯ ಹುಟ್ಟೋದೇ ಏಳರ ಹೊತ್ತಿಗೆ. ಬರೆದದ್ದನ್ನು ರಾತ್ರಿ ಹತ್ತಕ್ಕೆ ಫೋನ್‌ನಲ್ಲಿ ಅಮ್ಮನಿಗೆ ಓದಿ ಹೇಳುತ್ತಿದ್ದೆ. ಆಗ ಅವಳಿಗೆ ಏಳೂವರೆ, ಒಲೆ ಮುಂದೆ ಇರುತ್ತಿದ್ದಳು. ಅಮ್ಮ ಹೊಗಳುತ್ತಿರಲಿಲ್ಲ. "ಅಪ್ಪನ ಅಂಗಿ ಒಗೆಯೋದು ಬರೆದಿದ್ದೀಯಲ್ಲ, ಬೆನ್ನಿಗೆ ಉಪ್ಪು ಕಟ್ಟಿರ್ತಿತ್ತು, ಅದನ್ನ ಬಿಟ್ಟಿದ್ದೀಯ" ಅನ್ನುತ್ತಿದ್ದಳು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಕೆಳಗೆ ಬಂಡೆಯೇ ಬಿಸಿ. ಅಂಗಿಯ ಮೇಲಿನ ಆ ಬಿಳಿ ಗೆರೆಗಳನ್ನು ನಾನೂ ನೋಡಿದ್ದೆ. ಆದರೂ ಮರೆತಿದ್ದೆ. ಆ ಒಂದು ಸಾಲಿಗಾಗಿ ಇಡೀ ಅಧ್ಯಾಯ ಮತ್ತೆ ಬರೆದೆ.

ಮೊದಲ ಮುದ್ರಣ 300 ಪ್ರತಿ. ಜನವರಿಯ ಚೆನ್ನೈ ಪುಸ್ತಕ ಜಾತ್ರೆಗೆ ಬಂತು. ಪ್ರಚಾರ ನೀವೇ ನೋಡ್ಕೋಬೇಕು ಅಂತ ಪ್ರಕಾಶಕರು ಮೊದಲೇ ಹೇಳಿದ್ದರು. ಸೂಟ್‌ಕೇಸಲ್ಲಿ 40 ಪ್ರತಿ ಹೊತ್ತು ತಂದೆ. ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿ ತಮಿಳು ಭಾಷಾ ಹಬ್ಬ ನಡೆಯುತ್ತೆ, ಆಗ ಲೈಬ್ರರಿಯ ಕೋಣೆಯೊಂದರಲ್ಲಿ 20 ಜನರ ಮುಂದೆ ಎರಡು ಪುಟ ಓದಿದೆ. ಭಾಷಣಕ್ಕಿಂತ ಓದೇ ಜಾಸ್ತಿ ಪುಸ್ತಕ ಮಾರಿಸುತ್ತೆ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಎಡವಿದ್ದು ಸಂದರ್ಶನದಲ್ಲಿ. ಪತ್ರಿಕೆಯವರೊಬ್ಬರು ಅಪ್ಪನ ಬಗ್ಗೆ ಕೇಳಿದರು. ಅವರ ಕುಡಿತ, ಕೆಮ್ಮು, ಕೊನೆಯ ದಿನಗಳು, ಎಲ್ಲ ಹೇಳಿಬಿಟ್ಟೆ. ಅಪ್ಪನ ಫೋಟೋ ಜೊತೆ ಅದೇ ತಲೆಬರಹವಾಗಿ ಬಂತು. ಯಾರೋ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ತಮ್ಮ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಅಮ್ಮ ಮಾತ್ರ ಹೀಗಂದಳು: "ಪುಸ್ತಕ ಓದಿದವರು ಕತೆ ಅಂತಾರೆ ಕಣಮ್ಮ. ಪೇಪರ್ ಓದಿದವರು ನಿಮ್ಮನೆ ಹಿಂಗಂತೆ ಅಂತಾರೆ." ಇಡೀ ಕಾದಂಬರಿಗೆ ಮನೆಯವರ ಒಪ್ಪಿಗೆ ಕೇಳಿದ್ದೆ. ಸಂದರ್ಶನಕ್ಕೆ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಈಗ ಗಣಿ, ಕೆಳಗಿಳಿಸುವ ಕೇಜ್ ಅನ್ನೋ ಲಿಫ್ಟ್, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ಗುಡ್ಡ, ಲೈನ್ ಮನೆಯ ಬದುಕು, ಇವುಗಳ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡುತ್ತೇನೆ. ಅಪ್ಪನ ಬಗ್ಗೆ ಕೇಳಿದರೆ, ಅದು ಪುಸ್ತಕದಲ್ಲಿದೆ ಅನ್ನುತ್ತೇನೆ.

ತಮ್ಮನ ಸಿಟ್ಟು ಇಳಿದ ಮೇಲೆ ಕೇಳಿದ, "ಅಷ್ಟಕ್ಕೂ ಅದ್ರಲ್ಲಿ ಏನು ಬರ್ದಿದ್ದೀಯ ಅಕ್ಕ? ನನಗೆ ಓದೋಕೇ ಬರಲ್ವಲ್ಲ." ಅವತ್ತೇ ಶುರು ಮಾಡಿದೆ. ಭಾಷೆ ತಮಿಳೇ, ಅಕ್ಷರ ಮಾತ್ರ ಕನ್ನಡ. ಐದು ತಿಂಗಳು ಹಿಡಿಯಿತು. ಕೆಜಿಎಫ್‌ನ ಜೆರಾಕ್ಸ್ ಅಂಗಡಿಯಲ್ಲಿ ತಮ್ಮ ಆರು ಪ್ರತಿ ಸ್ಪೈರಲ್ ಬೈಂಡ್ ಮಾಡಿಸಿದ. ಒಂದನ್ನು ಅಮ್ಮನಿಗೆ ಓದಿ ಹೇಳಿದ. ಉಳಿದವು ಬೆಳಗಿನ ರೈಲಿನಲ್ಲಿ ಕೈಯಿಂದ ಕೈಗೆ ಹೋದವು. ನಮ್ಮ ಹಾಗೆ ತಮಿಳು ಮಾತಾಡಿ ಕನ್ನಡ ಓದೋರು ಆ ರೈಲಿನಲ್ಲಿ ಎಷ್ಟೋ ಜನ.

ಹೋದ ತಿಂಗಳು ಊರಿಗೆ ಹೋದಾಗ ಅದರಲ್ಲಿ ಒಂದು ಪ್ರತಿ ವಾಪಸ್ ಬಂದಿತ್ತು. ಪುಟದ ಮೂಲೆಗಳಲ್ಲಿ ಟೀ ಕಲೆ. ಗಣಿಗೆ ಇಳಿಯುವ ಬಾವಿ ಗಿಫರ್ಡ್ ಶಾಫ್ಟ್ ಬರುವ ಕಡೆ ಯಾರೋ ಪೆನ್ಸಿಲ್‌ನಲ್ಲಿ, ಕನ್ನಡ ಅಕ್ಷರದ ತಮಿಳಿನಲ್ಲಿ ಬರೆದಿದ್ದರು: "ಕೇಜ್ ಎರಂಗುಂಬೋದು ಕಾದು ಅಡಚ್ಕುಂ. ಅದೆ ಎಳುದಲ." ಕೇಜ್ ಇಳಿಯುವಾಗ ಕಿವಿ ಗವ್ವೆನ್ನುತ್ತೆ, ಅದನ್ನ ಬರೆದಿಲ್ಲ ಅಂತ. ಎರಡನೇ ಮುದ್ರಣಕ್ಕೆ ಆ ಸಾಲು ಸೇರಿಸಿ ಚೆನ್ನೈಗೆ ಕಳಿಸಿದ್ದೇನೆ.