ಈರುಳ್ಳಿ ಸಿಪ್ಪೆಯೊಳಗಿನ ಓಡಾಟ ಮೊಬೈಲಿನಲ್ಲಿ ಸಿಕ್ಕಿದ್ದು ಹೀಗೆ

“ಮೇಡಂ, ಕಾನ್ಫೋಕಲ್ ಇಲ್ಲದೆ ಕಣದಂಗಗಳ ಸಾಗಾಟ ತೋರಿಸ್ತೀನಿ ಅಂತೀರಲ್ಲ, ನಿಮಗೆ ಕಾಣ್ತಿರೋದು ಬ್ರೌನಿಯನ್ ಚಲನೆ ಅಷ್ಟೇ.” ಈರುಳ್ಳಿ ಸಿಪ್ಪೆಯ ಜೀವಕೋಶದೊಳಗೆ ಕಣದಂಗಗಳು, ಅಂದರೆ ಕೋಶದ ಸಣ್ಣ ಸಣ್ಣ ಭಾಗಗಳು, ಓಡಾಡುವುದನ್ನು ಕಾಲೇಜಿನ ಸಾದಾ ಮೈಕ್ರೋಸ್ಕೋಪಿನಲ್ಲೇ ತೋರಿಸುತ್ತೇನೆ ಎಂದಿದ್ದಕ್ಕೆ ಎರಡು ವರ್ಷದ ಹಿಂದೆ ನಮ್ಮ ಭೌತಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಹೇಳಿದ ಮಾತು. ಕಾನ್ಫೋಕಲ್ ಎಂದರೆ ಲೇಸರ್ ಬೆಳಕಿನ ದುಬಾರಿ ಮೈಕ್ರೋಸ್ಕೋಪ್. ಬ್ರೌನಿಯನ್ ಚಲನೆ ಎಂದರೆ ಸುತ್ತಲಿನ ದ್ರವದ ಅಣುಗಳು ಗುದ್ದುವುದರಿಂದ ಸಣ್ಣ ಕಣಗಳು ಗೊತ್ತುಗುರಿಯಿಲ್ಲದೆ ನಡುಗುವುದು. ಅವರದೇನೂ ತಪ್ಪಿರಲಿಲ್ಲ. ಆ ಹೊತ್ತಿಗೆ ನನ್ನ ಹತ್ತಿರ ಇದ್ದ ವಿಡಿಯೋಗಳಲ್ಲಿ ಕೋಶದೊಳಗಿನ ಕಾಳುಗಳು ನಿಂತಲ್ಲೇ ನಡುಗುತ್ತಿದ್ದವು, ಒಂದೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಬಣ್ಣ ಹಾಕಿದ ಭಾಗಗಳನ್ನು ಹೊಳೆಯಿಸಿ ತೋರಿಸುವ ಒಳ್ಳೆಯ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ ಕೊಟೇಶನ್ ತರಿಸಿದ್ದೆ, ಹದಿನೈದು ಲಕ್ಷದ ಮೇಲಿತ್ತು. ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜಿಗೆ ಅದು ಆಗುವ ಮಾತಲ್ಲ. ಆದರೆ ಇಟಲಿಯ ವಿಜ್ಞಾನಿ ಕೋರ್ಟಿ 1774ರಲ್ಲೇ ಕೋಶದೊಳಗಿನ ಹರಿವನ್ನು ನೋಡಿದ್ದ. 1985ರಲ್ಲಿ ಕೋಶದೊಳಗೆ ಸಾಮಾನು ಹೊರುವ ಕಿನೆಸಿನ್ ಎಂಬ ಪ್ರೋಟೀನ್ ಪತ್ತೆ ಮಾಡಿದವರೂ ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನೊಳಗಿನ ಓಡಾಟವನ್ನು ನೋಡಿದ್ದು ವಿಡಿಯೋ ಕ್ಯಾಮೆರಾ ಜೋಡಿಸಿದ ಬೆಳಕಿನ ಮೈಕ್ರೋಸ್ಕೋಪಿನಲ್ಲೇ, ಬಣ್ಣ ಹಾಕದೆ. ಹಾಗಾಗಿ ನಾನು ಬಿಡಲಿಲ್ಲ.

ಮೊದಲ ಮೂರು ವಾರ ಪೂರ್ತಿ ವ್ಯರ್ಥವಾಯಿತು. ಪ್ರಾಕ್ಟಿಕಲ್‌ಗೆ ಮಾಡುವ ಹಾಗೆಯೇ ಒಳಸಿಪ್ಪೆ ಕಿತ್ತು, ನೀರು ಹಾಕಿ, ಕವರ್ ಸ್ಲಿಪ್ ಮುಚ್ಚಿ, ಆಗಿಂದಾಗಲೇ ನೋಡುತ್ತಿದ್ದೆ. ಸಿಪ್ಪೆ ಕಿತ್ತ ಗಾಯಕ್ಕೆ ಕೋಶ ಓಡಾಟವನ್ನೇ ನಿಲ್ಲಿಸಿಬಿಡುತ್ತದೆ. ಅದು ಗೊತ್ತಾದ ಮೇಲೆ ಕಿತ್ತ ಸಿಪ್ಪೆಯನ್ನು ನೀರಿನಲ್ಲಿ ತೇಲಬಿಟ್ಟು ಒಂದು ಗಂಟೆ ಕಾದೆ. ಆಗಲೂ ಇಲ್ಲ. ಕಾರಣ ಹಿಡಿಯುವುದಕ್ಕೆ ಇನ್ನೊಂದು ತಿಂಗಳೇ ಬೇಕಾಯಿತು. ನಲ್ಲಿ ನೀರಿನ ಕ್ಲೋರಿನ್ ಬೇಡವೆಂದು ಕುದಿಸಿ ಆರಿಸಿದ ನೀರು ಬಳಸುತ್ತಿದ್ದೆ. ಕುದಿಸಿದರೆ ನೀರಿನೊಳಗಿನ ಆಮ್ಲಜನಕವೂ ಹೋಗುತ್ತದೆ, ಪಾಪ, ಕೋಶಗಳು ಉಸಿರುಗಟ್ಟಿ ಕೂತಿದ್ದವು! ಈಗ ಅದೇ ನೀರನ್ನು ಎರಡು ಲೋಟದಲ್ಲಿ ಚಹಾ ಎತ್ತಿ ಸುರಿದ ಹಾಗೆ ಇಪ್ಪತ್ತು ಸಲ ಸುರಿದು ಬಳಸುತ್ತೇನೆ.

ಅದರ ಮೇಲೆ ಕವರ್ ಸ್ಲಿಪ್ಪಿನ ಒತ್ತಡ. ಒಡೆದ ಕವರ್ ಸ್ಲಿಪ್ ಚೂರುಗಳನ್ನು ನಾಲ್ಕು ಮೂಲೆಗೆ ಕಾಲಿನ ಹಾಗೆ ಇಟ್ಟು, ವ್ಯಾಸಲೀನ್ ಹಚ್ಚಿ ಕೂರಿಸಿದೆ. ಅಂಚುಗಳನ್ನು ಪೂರ್ತಿ ಮುಚ್ಚಬೇಡಿ, ಗಾಳಿಯಾಡಬೇಕು. ಹ್ಯಾಲೊಜೆನ್ ಬಲ್ಬಿನ ಕಾವಿಗೆ ಏಪ್ರಿಲ್‌ನಲ್ಲಿ ಸ್ಲೈಡ್ ಹತ್ತೇ ನಿಮಿಷಕ್ಕೆ ಒಣಗುತ್ತಿತ್ತು, ತೆಗೆದು ಎಲ್‌ಇಡಿ ಹಾಕಿಸಿದೆ, ಇನ್ನೂರು ಚಿಲ್ಲರೆ ಆಯಿತು. ಮೊಬೈಲ್ ಹೋಲ್ಡರ್ ಎಂಟುನೂರೋ ಒಂಬೈನೂರೋ. ಅಳತೆ ಗೆರೆಗಳಿರುವ ಸ್ಲೈಡಿಗೇ, ಅಂದರೆ ಸ್ಟೇಜ್ ಮೈಕ್ರೋಮೀಟರಿಗೇ, ಜಾಸ್ತಿ ಬಿತ್ತು, ಎರಡು ಸಾವಿರದ ಹತ್ತಿರ. ಹಾಳಾದ ರಾಸಾಯನಿಕಗಳನ್ನೂ ಸೇರಿಸಿದರೆ ಒಟ್ಟು ಐದು ಸಾವಿರ ದಾಟಿಲ್ಲ, ಎಲ್ಲಾ ಕೈಯಿಂದಲೇ.

ಸ್ಲೈಡಿಗೆ ಬೆಳಕು ಕೂಡಿಸುವ ಮಸೂರದ, ಅಂದರೆ ಕಂಡೆನ್ಸರಿನ ಕೆಳಗೆ ಕರಿ ಕಾಗದ ತೂರಿಸಿ ಅರ್ಧ ಬೆಳಕು ತಡೆದಿದ್ದೇ ದೊಡ್ಡ ತಿರುವು. ಬೆಳಕು ಓರೆಯಾಗಿ ಬಂದೊಡನೆ, ಬರೀ ಬಿಳುಪಾಗಿದ್ದ ಕೋಶದಲ್ಲಿ ದಾರಗಳು ಎದ್ದು ಕಂಡವು. ನ್ಯೂಕ್ಲಿಯಸ್ಸಿನಿಂದ ಗೋಡೆಯವರೆಗೆ, ಕೋಶದ ನಡುವೆ ರಸ ತುಂಬಿಕೊಂಡಿರುವ ರಸದಾನಿಯನ್ನು ಸೀಳಿಕೊಂಡು ಹೋಗುವ ಸೈಟೋಪ್ಲಾಸಂ ಎಳೆಗಳವು. ಅದರ ಮೇಲೆ ಹೊಳೆಯುವ ಕಾಳುಗಳು ಸಾಲಾಗಿ ಓಡುತ್ತಿದ್ದವು. ಒಂದು ನಿಲ್ಲುತ್ತದೆ, ಹಿಂದಿನದು ಅದನ್ನು ದಾಟಿ ಹೋಗುತ್ತದೆ, ನಿಂತಿದ್ದದ್ದು ಕವಲಿನಲ್ಲಿ ತಿರುಗಿ ವಾಪಸ್ ಬರುತ್ತದೆ. ಆ ದಿನ ಸಂಜೆ ಆರೂವರೆಗೆ ಅಟೆಂಡರ್ ಬೀಗ ಹಿಡಿದು ಬಂದು ನಿಂತಿದ್ದರೂ ನನಗೆ ಏಳಲು ಮನಸ್ಸಾಗಲಿಲ್ಲ.

ಕಾಗದವನ್ನು ಎಷ್ಟು ತೂರಿಸಬೇಕು, ಈರುಳ್ಳಿಯ ಎಷ್ಟನೇ ಪದರ ತೆಗೆಯಬೇಕು, ಇವೆರಡನ್ನು ಸದ್ಯ ಹೇಳುವುದಿಲ್ಲ. ನನ್ನ ವಿದ್ಯಾರ್ಥಿನಿಯರ ಪ್ರಾಜೆಕ್ಟ್ ವರದಿ ಇನ್ನೂ ಮುಗಿದಿಲ್ಲ. ಫ್ರಿಜ್ಜಿನಲ್ಲಿಟ್ಟ ಈರುಳ್ಳಿ ಬೇಡ ಎನ್ನುವಷ್ಟು ಮಾತ್ರ ಹೇಳುತ್ತೇನೆ.

ಬ್ರೌನಿಯನ್ ವಾದಕ್ಕೆ ಉತ್ತರ ಕೊಡಬೇಕಿತ್ತು. ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಕಾಳು ತೆಳ್ಳನೆಯ ನೀರಿನಲ್ಲೇ ಇದ್ದರೂ, ಬರೀ ಬ್ರೌನಿಯನ್ ನಡುಕದಿಂದ 10 ಸೆಕೆಂಡಿಗೆ ಸುಮಾರು 3–4 ಮೈಕ್ರೋಮೀಟರ್ ಸರಿಯಬಹುದು. ಅದರ ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಹೊತ್ತು ಬೇಕು. ನನ್ನ ಕಾಳುಗಳು 10 ಸೆಕೆಂಡಿಗೆ 30–40 ಮೈಕ್ರೋಮೀಟರ್ ಹೋಗುತ್ತಿದ್ದವು, ಎರಡರಷ್ಟು ಹೊತ್ತಿಗೆ ಹೆಚ್ಚುಕಡಿಮೆ ಎರಡರಷ್ಟು ದೂರ. ಫೀಜಿ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರಿನಲ್ಲಿ ಕೈಮೋಗ್ರಾಫ್, ಅಂದರೆ ಹೊತ್ತು ಕಳೆದಂತೆ ಕಾಳು ಸರಿದದ್ದನ್ನು ಗೆರೆಯಾಗಿ ತೋರಿಸುವ ಚಿತ್ರ, ತೆಗೆದಾಗ ಓರೆ ಗೆರೆಗಳು ಒಂದನ್ನೊಂದು ಕತ್ತರಿಸಿದ್ದು ಚೆನ್ನಾಗಿ ಕಂಡಿತು. ಆಲ್ಕೋಹಾಲ್ ಹಾಕಿ ಸಾಯಿಸಿದ ಕೋಶದಲ್ಲಿ ಓಟ ಪೂರ್ತಿ ನಿಂತಿತ್ತು.

ಮೈಟೋಕಾಂಡ್ರಿಯವನ್ನೇ ಬೇರೆಯಾಗಿ ತೋರಿಸಲು ಜಾನಸ್ ಗ್ರೀನ್ ಎಂಬ ಬಣ್ಣ ಹಾಕಿ ಸೋತಿದ್ದೇನೆ. ಸ್ವಲ್ಪ ಹೆಚ್ಚಾದರೆ ಕೋಶ ಸಾಯುತ್ತದೆ, ಕಡಿಮೆಯಾದರೆ ಕಾಣುವುದಿಲ್ಲ. ಹಾಗಾಗಿ ನನ್ನ ಹೊಳೆಯುವ ಕಾಳುಗಳಲ್ಲಿ ಹೆಚ್ಚಿನವು ಎಣ್ಣೆಯ ಸಣ್ಣ ಹನಿಗಳೇ ಎಂದು ಒಪ್ಪುತ್ತೇನೆ.

ಈ ನಡುವೆ ಕುಂಡದಲ್ಲಿದ್ದ ನೇರಳೆ ಟ್ರಾಡೆಸ್ಕಾಂಟಿಯ ಕಡೆಗೂ ಮನಸ್ಸು ಹೋಯಿತು. ಹೂವು ಬೆಳಿಗ್ಗೆ ಮಾತ್ರ ಅರಳಿರುತ್ತದೆ, ಮೊದಲ ಪೀರಿಯಡ್ಡಿಗಿಂತ ಮುಂಚೆ ಕೀಳಬೇಕು. ಕೇಸರದ ಕೂದಲನ್ನು ಚಿಮಟದಲ್ಲಿ ಬಿಡಿಸಿಟ್ಟರೆ ಬಣ್ಣದ ಮಣಿಸರ, ಒಂದೊಂದು ಮಣಿಯೂ ಒಂದು ಕೋಶ, ನೇರಳೆ ರಸದ ನಡುವೆ ಬಣ್ಣವಿಲ್ಲದ ಎಳೆಗಳು. ಮಕ್ಕಳಿಗೆ ತೋರಿಸಲು ಈರುಳ್ಳಿಗಿಂತ ಇದೇ ಮೇಲು. ಗದ್ದೆ ನೀರಿನಿಂದ ತಂದ ನೈಟೆಲ್ಲ ಎಂಬ ಪಾಚಿಯಲ್ಲಂತೂ ಹರಿವಿನ ವೇಗ ಸೆಕೆಂಡಿಗೆ 50 ಮೈಕ್ರೋಮೀಟರಿನ ಮೇಲಿತ್ತು. ಸೂಜಿಯಿಂದ ಮುಟ್ಟಿದೊಡನೆ ಇಡೀ ಹರಿವು ಗಕ್ಕನೆ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಹೊರಡುತ್ತದೆ.

ಕಡೆಯ ಸಂಶಯವೊಂದಿತ್ತು. ಗಿಡದ ಕೋಶದಲ್ಲಿ ಈ ಕೆಲಸ ಮಾಡುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ನಡೆಯುವ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಎಂದು ಪಾಠ ಮಾಡುತ್ತೇವೆ, ಅದನ್ನು ನಮ್ಮ ಮೇಜಿನ ಮೇಲೆ ತೋರಿಸಬೇಕಲ್ಲ? ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿರುವ ಹಳೆಯ ವಿದ್ಯಾರ್ಥಿನಿ ಆಕ್ಟಿನ್ ಕಳಚುವ ಲ್ಯಾಟ್ರಂಕುಲಿನ್ ಒಂದೆರಡು ಹನಿ, ಕಿನೆಸಿನ್ ನಡೆಯುವ ಹಳಿಯಾದ ಮೈಕ್ರೋಟ್ಯೂಬ್ಯೂಲ್ ಕಳಚುವ ಒರೈಜಾಲಿನ್ ಸ್ವಲ್ಪ ಐಸಿನಲ್ಲಿಟ್ಟು ಬಸ್ಸಿನಲ್ಲಿ ತಂದುಕೊಟ್ಟಳು. ಮೊದಲ ಸಲ ಅವನ್ನು ಕರಗಿಸಿದ್ದ ದ್ರವವಾದ ಡಿಎಂಎಸ್‌ಒ ಮಾತ್ರ ಹಾಕಿದ, ಹೋಲಿಕೆಯ ಸ್ಲೈಡ್ ಇಡುವುದನ್ನೇ ಮರೆತು ಒಂದು ಹನಿ ಹಾಳುಮಾಡಿದೆ. ಎರಡನೇ ಸಲ ಎಲ್ಲವನ್ನೂ ಅಕ್ಕಪಕ್ಕ ಇಟ್ಟೆ. ಡಿಎಂಎಸ್‌ಒ ಸ್ಲೈಡಿನಲ್ಲಿ ಓಟ ಹಾಗೇ ಇತ್ತು, ಒರೈಜಾಲಿನ್ ಹಾಕಿದ್ದರಲ್ಲೂ ನಿಲ್ಲಲಿಲ್ಲ. ಲ್ಯಾಟ್ರಂಕುಲಿನ್ ಸ್ಲೈಡಿನಲ್ಲಿ ಸುಮಾರು ಹದಿನೈದು ನಿಮಿಷಕ್ಕೆ ಕಾಳುಗಳು ಒಂದೊಂದಾಗಿ ನಿಂತವು.

ಬ್ರೌನಿಯನ್ ಎಂದಿದ್ದ ಸಹೋದ್ಯೋಗಿಯನ್ನೇ ಕರೆದು ಕೂರಿಸಿದೆ. ಲ್ಯಾಟ್ರಂಕುಲಿನ್ ತೊಳೆದು ಹೊಸ ನೀರು ಹಾಕಿ ಕೊಟ್ಟೆ. ಒಂದು ಗಂಟೆಗೂ ಹೆಚ್ಚು ಹೊತ್ತು ಐಪೀಸಿನಿಂದ ಕಣ್ಣು ತೆಗೆಯದೆ ಕೂತಿದ್ದರು. ನಾನು ಅಟೆಂಡೆನ್ಸ್ ಬರೆಯುತ್ತಿದ್ದಾಗ, “ಮೇಡಂ, ನ್ಯೂಕ್ಲಿಯಸ್ ಪಕ್ಕದಲ್ಲಿ ಒಂದು ಹೊರಡ್ತು ನೋಡಿ” ಎಂದರು.