ರೂಟರ್‌ನ ತಲೆಕೆಳಗು ಮಾಡಿ ಟೇಬಲ್‌ಗೆ ಕೂರಿಸಿದ್ದು: ನನ್ನ ಅನುಭವ

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ತಗಡಿನ ಶೆಡ್ ಒಂದೈತೆ, ಎಂಟಡಿ ಹತ್ತಡಿ ಇರಬಹುದು, ಭಾನುವಾರ ಆದ್ರೆ ನಾನು ಅಲ್ಲೇ. ನಮ್ಮಮ್ಮ ದೇವರ ಮನೆಗೆ ಎರಡು ಬಾಗಿಲು ಮಾಡಿಕೊಡು ಅಂತ ಒಂದು ವರ್ಷದಿಂದ ಕೇಳ್ತಾ ಇದ್ರು, ಅಜ್ಜನ ಕಾಲದ ಮನೆ ಕೆಡವಿದಾಗ ಉಳಿದಿದ್ದ ಸಾಗವಾನಿ ಪಟ್ಟಿಗಳು ಇದ್ವು, ಒಳ್ಳೆ ಮರ, ಬಣ್ಣ ಕೆತ್ತಿದ್ರೆ ಒಳಗೆ ಜೇನಿನ ಬಣ್ಣ. ಪಟ್ಟಿ ಎರಡು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಆ ಮುಕ್ಕಾಲು ಇಂಚಿನ ಅಂಚಲ್ಲಿ ಉದ್ದಕ್ಕೂ ಗ್ರೂವ್, ಅಂದ್ರೆ ಕಾಲುವೆ ಥರದ ತಗ್ಗು, ಹೊಡೆದು ಒಳಗೆ ಪ್ಯಾನೆಲ್ (ಬಾಗಿಲ ನಡುವಿನ ಹಲಗೆ) ಕೂರಿಸಬೇಕು. ರೂಟರ್ ಅಂದ್ರೆ ಇಂಟರ್ನೆಟ್‌ದಲ್ಲ, ಜೋರಾಗಿ ಸುತ್ತೋ ಬಿಟ್ (ಕತ್ತರಿಸೋ ತುದಿ) ಇಂದ ಮರ ಕೊರೆಯೋ ಮಷಿನ್. ಕೈಯಲ್ಲಿ ಅದನ್ನ ಹಿಡಿದು ಅಷ್ಟು ಸಣ್ಣ ಅಂಚಿನ ಮೇಲೆ ನಿಲ್ಲಿಸೋಕೆ ಹೋದ್ರೆ ಅದು ಈ ಕಡೆ ಆ ಕಡೆ ವಾಲುತ್ತೆ, ಮೊದಲನೇ ಪಟ್ಟಿಯಲ್ಲೇ ಬಿಟ್ ಒಂದು ಕಡೆ ಹೊರಗೆ ಕಚ್ಚಿ ಅಂಚು ಹೋಯ್ತು. ಅಂಥ ಮರ ದುಡ್ಡು ಕೊಟ್ರೂ ಈಗ ಸಿಗಲ್ಲ, ಅವತ್ತು ನಿಜಕ್ಕೂ ಸಂಕಟ ಆಯ್ತು. ರೂಟರ್ ಮರದ ಮೇಲೆ ಹೋಗೋ ಬದಲು ಮರನೇ ರೂಟರ್ ಹತ್ರ ಬರೋ ಹಂಗೆ ಮಾಡಬೇಕು, ಅಂದ್ರೆ ಟೇಬಲ್ ಕೆಳಗೆ ರೂಟರ್‌ನ ತಲೆಕೆಳಗಾಗಿ ತೂಗು ಹಾಕಿ ಬಿಟ್ ಮಾತ್ರ ಮೇಲೆ ಇಣುಕೋ ಹಂಗೆ, ಅಂತ ಅವತ್ತೇ ತೀರ್ಮಾನ ಮಾಡ್ದೆ.

ನನ್ನ ಹತ್ರ ಇರೋದು 1300 ವ್ಯಾಟಿನ ಪ್ಲಂಜ್ ರೂಟರ್ (ಬೇಸ್ ಮೇಲೆ ಮೋಟ್ರು ಸ್ಪ್ರಿಂಗಲ್ಲಿ ಮೇಲೆ ಕೆಳಗೆ ಸರಿಯೋದು), ಸ್ಪೀಡ್ ಕಮ್ಮಿ ಜಾಸ್ತಿ ಮಾಡೋಕೆ ಡಯಲ್ ಇರೋದು. ಸಣ್ಣ ಟ್ರಿಮ್ಮರ್ (ಒಂದೇ ಕೈಯಲ್ಲಿ ಹಿಡಿಯೋ ಚಿಕ್ಕ ರೂಟರ್) ಇರೋರು ಅದನ್ನೇ ಹಾಕಬಹುದು, ಅಂಚು ದುಂಡು ಮಾಡೋಕೆ, ಸಣ್ಣ ಗ್ರೂವ್‌ಗೆ ಸಾಕು, ಆದ್ರೆ ಟ್ರಿಮ್ಮರ್‌ಗಳು ಹೆಚ್ಚಾಗಿ 30,000 ಆರ್‌ಪಿಎಂನಲ್ಲಿ ಒಂದೇ ಸ್ಪೀಡಿಗೆ ಓಡ್ತವೆ, ದೊಡ್ಡ ಬಿಟ್ ಹಾಕೋ ಹಂಗಿಲ್ಲ. ಬಿಟ್ ಅಗಲ ಆದಷ್ಟೂ ಸ್ಪೀಡ್ ಇಳಿಸಬೇಕು, ಒಂದು ಇಂಚಿಗಿಂತ ದೊಡ್ಡದಾದ್ರೆ ನಾನು 18,000 ದಾಟಿಸಲ್ಲ.

ಟಾಪ್‌ಗೆ 18 ಎಂಎಂ ಪ್ಲೈವುಡ್ ಎರಡು ಪದರ, 600 ಕ್ಕೆ 450 ಎಂಎಂ ಅಳತೆ, ಫೆವಿಕಾಲ್ ಹಚ್ಚಿ ಇಟ್ಟಿಗೆ ಹೇರಿ ರಾತ್ರಿಯೆಲ್ಲ ಬಿಟ್ಟೆ. ಮೇಲೆ ಮರ ಜಾರೋಕೆ 1 ಎಂಎಂ ಸನ್‌ಮೈಕಾ ಅಂಟಿಸಿದೆ, ತಪ್ಪು ಮಾಡಿದ್ದು ಇಲ್ಲೇ. ಕೆಳಗಡೆ ಯಾರು ನೋಡ್ತಾರೆ ಅಂತ ಮೇಲೆ ಮಾತ್ರ ಹಾಕಿದ್ದೆ. ಏಪ್ರಿಲ್ ತಿಂಗಳು, ತಗಡಿನ ಶೆಡ್ ಒಳಗೆ ಮಧ್ಯಾಹ್ನ ನಿಲ್ಲೋಕಾಗಲ್ಲ, ಎರಡು ವಾರ ಬಿಟ್ಟು ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದ್ರೆ ನಡುವೆ ಬೆಳಕು ಕಾಣ್ತಾ ಐತೆ, ಹೆಚ್ಚು ಕಮ್ಮಿ ಒಂದೂವರೆ ಎಂಎಂ ತಗ್ಗು. ಪ್ಲೈವುಡ್‌ನ ಒಂದು ಮುಖ ಸನ್‌ಮೈಕಾದಿಂದ ಮುಚ್ಚಿಹೋಗೈತೆ, ಇನ್ನೊಂದು ಮುಖ ಬರೀ ಮರ, ಅದು ಗಾಳಿಯಲ್ಲಿನ ತೇವ ಕುಡಿಯುತ್ತೆ, ಬಿಡುತ್ತೆ, ಹಿಗ್ಗುತ್ತೆ, ಕುಗ್ಗುತ್ತೆ, ಆ ಎಳೆದಾಟಕ್ಕೆ ಹಲಗೆ ಬಾಗುತ್ತೆ. ಬಾಗಿಲು ಮಾಡೋ ಬಡಿಗ್ಯಾರಿಗೆ ಇದು ಗೊತ್ತಿರೋ ವಿಷಯನೇ. ಹದಡಿ ರಸ್ತೆಯಲ್ಲಿ ನನಗೆ ಪರಿಚಯದ ಒಬ್ಬರು ಹಿರಿಯ ಬಡಿಗ್ಯಾರು ಇದಾರೆ, ತಗೊಂಡು ಹೋಗಿ ತೋರಿಸಿದೆ, ಬೆರಳಲ್ಲಿ ಒಂದು ಸಲ ಸವರಿ ನೋಡಿ "ಹಿಂದೆ ಹಾಕಿಲ್ಲ ಅಲ್ರೀ ಸಾರ್, ಎರಡೂ ಮೈಗೆ ಬಟ್ಟೆ ಹಾಕಬೇಕು" ಅಂದ್ರು. ಎರಡನೇ ಟಾಪ್ ಮಾಡಿದಾಗ ಎರಡೂ ಕಡೆ ಒಂದೇ ದಪ್ಪದ ಸನ್‌ಮೈಕಾ, ನಾಲ್ಕು ಅಂಚಿಗೂ ಮರದ ಪಟ್ಟಿ. ಒಂದು ಮಳೆಗಾಲ ಒಂದು ಬೇಸಿಗೆ ಕಳೀತು, ಪಟ್ಟಿ ಕೆಳಗೆ ಬೆಳಕು ಕಂಡಿಲ್ಲ.

ರೂಟರ್ ತೂಗು ಹಾಕೋ ಪ್ಲೇಟಿಗೆ ಆನ್‌ಲೈನಲ್ಲಿ ಅಲ್ಯೂಮಿನಿಯಂದು ಸಿಗುತ್ತೆ, ನಾನು ಪಿ.ಬಿ. ರಸ್ತೆ ಕಡೆ ಮೋಟ್ರು ವೈಂಡಿಂಗ್ ಮಾಡೋ ಅಂಗಡಿಯಲ್ಲಿ 10 ಎಂಎಂ ಹೈಲಮ್ ಶೀಟಿನ (ಬೇಕಲೈಟ್ ಥರದ ಗಟ್ಟಿ ಹಲಗೆ) ತುಂಡು ಕೇಳಿ ತಂದೆ. ಗಟ್ಟಿ, ನೆಟ್ಟಗಿರುತ್ತೆ, ಮರ ಅದರ ಮೇಲೆ ಚೆನ್ನಾಗಿ ಜಾರುತ್ತೆ. ಕೊಯ್ಯುವಾಗ ಬರೋ ಧೂಳು ಮಾತ್ರ ಬಹಳ ಕೆಟ್ಟದ್ದು, ಮಾಸ್ಕ್ ಇಲ್ದೆ ಮುಟ್ಟಬೇಡಿ. ರೂಟರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಬೇಸ್ ಬಿಚ್ಚಿ, ಡಬಲ್ ಟೇಪಲ್ಲಿ ಹೈಲಮ್ ಮೇಲೆ ಅಂಟಿಸಿ, ಅದರ ತೂತು ನೋಡ್ಕೊಂಡೇ ಡ್ರಿಲ್ ಮಾಡ್ದೆ, ಸ್ಕೇಲ್ ಇಟ್ಟು ಅಳೆಯೋಕೆ ಹೋಗ್ಲಿಲ್ಲ. ಹಳೇ ಸ್ಕ್ರೂ ಉದ್ದ ಸಾಲಲ್ಲ, ಪ್ಲೇಟ್ ದಪ್ಪ ಇರೋದ್ರಿಂದ, ಹಳೇದೊಂದನ್ನ ಜೇಬಲ್ಲಿ ಹಾಕ್ಕೊಂಡು ಮಂಡಿಪೇಟೆಗೆ ಹೋಗಿ ಅದೇ ಥ್ರೆಡ್‌ದು ಉದ್ದಂದು ತಗೊಳ್ಳಿ, ಸ್ಕ್ರೂ ತಲೆ ಪ್ಲೇಟ್ ಒಳಗೆ ಮುಳುಗಬೇಕು. ನಡುವಿನ ತೂತಿಗೆ, ರೂಟರ್ ಬಿಗಿದ ಮೇಲೆ ಅದಕ್ಕೇ ಸ್ಟ್ರೈಟ್ ಬಿಟ್ ಹಾಕಿ ನಿಧಾನಕ್ಕೆ ಪ್ಲೇಟನ್ನ ಕೊರೆಸಿದೆ, ಆಗ ಸೆಂಟರ್ ತಪ್ಪೋ ಮಾತೇ ಇಲ್ಲ, ಆಮೇಲೆ ಅದೇ ಸೆಂಟರ್ ಹಿಡಿದು ಹೋಲ್‌ಸಾ ಹಾಕಿ ದೊಡ್ಡದು ಮಾಡ್ಕೊಂಡೆ.

ಪ್ಲೇಟ್ ಟೇಬಲ್ ಒಳಗೆ ಕೂರೋಕೆ ಅದರ ಸುತ್ತ ಎಂಡಿಎಫ್ ಪಟ್ಟಿ ಕಟ್ಟಿ, ಬೇರಿಂಗ್ ಇರೋ ಬಿಟ್ಟಲ್ಲಿ (ಬೇರಿಂಗ್ ಆ ಪಟ್ಟಿಗೆ ಒರಗಿ ಓಡುತ್ತೆ) ಸುತ್ತಲೂ ತಗ್ಗು ತೆಗೆದು, ಆಮೇಲೆ ಒಳಗಿನ ಭಾಗ ಜಿಗ್‌ಸಾದಲ್ಲಿ ಕೊಯ್ದೆ, 15 ಎಂಎಂ ಮೆಟ್ಟಿಲು ಉಳಿಸಿ. ತಗ್ಗು 10 ಎಂಎಂಗಿಂತ ಅರ್ಧ ಎಂಎಂ ಜಾಸ್ತಿನೇ ಇರಲಿ, ನಾಲ್ಕು ಮೂಲೇಲಿ ನಾಲ್ಕು ಸಣ್ಣ ಸ್ಕ್ರೂ ಕೊಟ್ರೆ ಅವುಗಳನ್ನ ತಿರುಗಿಸಿ ಪ್ಲೇಟನ್ನ ಟೇಬಲ್ ಮಟ್ಟಕ್ಕೆ ತರಬಹುದು. ಮುಗಿದ ಮೇಲೆ ಕಣ್ಣು ಮುಚ್ಕೊಂಡು ಉಗುರಿನ ತುದಿ ಆ ಸಂದಿ ಮೇಲೆ ಎಳೀರಿ. ಉಗುರು ಎಡವಿದ್ರೆ ಮರನೂ ಅಲ್ಲಿ ಎಡವುತ್ತೆ, ಗ್ರೂವ್‌ನಲ್ಲಿ ಗುರುತು ಬೀಳುತ್ತೆ.

ಎತ್ತರ ಅಡ್ಜಸ್ಟ್ ಮಾಡೋದು ಇನ್ನೊಂದು ತಲೆನೋವು, ಯಾಕಂದ್ರೆ ತಲೆಕೆಳಗಾದ ಪ್ಲಂಜ್ ರೂಟರ್‌ನ ಮೇಲೆ ಎತ್ತುವಾಗ ಮೋಟ್ರು ಭಾರದ ಜೊತೆ ಸ್ಪ್ರಿಂಗೂ ಕೆಳಕ್ಕೆ ತಳ್ಳುತ್ತೆ. ಸ್ಪ್ರಿಂಗ್ ಬಿಚ್ಚಿ ಡಬ್ಬಿಗೆ ಹಾಕಿಟ್ಟೆ. ಕೆಳಗೊಂದು ಅಡ್ಡ ಮರ ಕೊಟ್ಟು ಅದರಲ್ಲಿ ಎಂ8 ಥ್ರೆಡ್ ರಾಡ್ (8 ಎಂಎಂ ದಪ್ಪದ, ಉದ್ದಕ್ಕೂ ಮರೆ ಇರೋ ಕಂಬಿ) ಹಾಕಿದೀನಿ, ತಿರುಗಿಸಿದ್ರೆ ಮೋಟ್ರು ಮೇಲೆ ಬರುತ್ತೆ. ಎಂ8 ಥ್ರೆಡ್ ಒಂದು ಸುತ್ತಿಗೆ 1.25 ಎಂಎಂ ಏರುತ್ತೆ, ಕಾಲು ಸುತ್ತು ಅಂದ್ರೆ 0.3 ಎಂಎಂ ಹತ್ರ ಹತ್ರ. ಎತ್ತರ ಕೂತ ಮೇಲೆ ರೂಟರ್‌ದೇ ಲಾಕ್ ಬಿಗಿ ಮಾಡೋದು ಮರೀಬಾರದು, ರಾಡ್ ಬರೀ ಎತ್ತೋಕೆ, ಹಿಡಿಯೋಕಲ್ಲ.

ಫೆನ್ಸ್, ಅಂದ್ರೆ ಮರವನ್ನ ಒರಗಿಸಿ ತಳ್ಳೋಕೆ ಟೇಬಲ್ ಮೇಲೆ ನಿಲ್ಲಿಸೋ ಆಸರೆ, ಅದಕ್ಕೆ ನಾನು ಜಾಸ್ತಿ ಖರ್ಚು ಮಾಡ್ಲಿಲ್ಲ. ಎರಡು ಪ್ಲೈವುಡ್ ಪಟ್ಟಿ ಎಲ್ ಆಕಾರಕ್ಕೆ ಜೋಡಿಸಿ, ಹಿಂದೆ ನಾಲ್ಕು ತ್ರಿಕೋನ ಕೊಟ್ಟು, ಬಿಟ್ ಹಿಂದೆ ಒಂದೂವರೆ ಇಂಚಿನ ಪಿವಿಸಿ ಪೈಪ್ ತುಂಡು, ಅದಕ್ಕೆ ಮನೆಯ ವ್ಯಾಕ್ಯೂಮ್ ಕ್ಲೀನರ್. ಎರಡು ಕ್ಲಾಂಪಲ್ಲಿ ಹಿಡಿಯುತ್ತೆ. ಫೆನ್ಸ್ ಟೇಬಲ್ ಅಂಚಿಗೆ ಸಮಾನಾಂತರ ಇರಬೇಕು ಅಂತ ಬಹಳ ಜನ ಒದ್ದಾಡ್ತಾರೆ, ಬೇಕಾಗಿಲ್ಲ, ಬಿಟ್ ದುಂಡಗೈತೆ, ಫೆನ್ಸ್ ಓರೆ ಇದ್ರೂ ಬಿಟ್ಟಿಂದ ಅದಕ್ಕಿರೋ ದೂರ ಒಂದೇ. ಟೇಬಲ್‌ಗೆ ನೆಟ್ಟಗೆ ನಿಂತಿದ್ರೆ ಆಯ್ತು, ಮೂಲೆಮಟ್ಟ ಇಟ್ಟು ಅದನ್ನ ಮಾತ್ರ ನೋಡಿ. ಇದರಿಂದ ಒಂದು ಅನುಕೂಲನೂ ಐತೆ: ಬಲಗಡೆ ಕ್ಲಾಂಪ್ ಬಿಗಿ ಇಟ್ಟು ಎಡಗಡೆದು ಸಡಿಲ ಮಾಡಿ ತುದಿಯನ್ನ 1 ಎಂಎಂ ಸರಿಸಿದ್ರೆ ನಡುವೆ ಇರೋ ಬಿಟ್ ಹತ್ರ ಅರ್ಧ ಎಂಎಂ ಮಾತ್ರ ಸರಿಯುತ್ತೆ. ಸಣ್ಣ ಅಡ್ಜಸ್ಟ್‌ಮೆಂಟಿಗೆ ಇದಕ್ಕಿಂತ ಏನೂ ಬೇಡ.

ಉಳಿದ ಸನ್‌ಮೈಕಾ ಚೂರು ಬಿಸಾಕಬೇಡಿ. ಫೆನ್ಸ್ ಮುಖಕ್ಕೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಪಟ್ಟಿ ಹಾಕಿದೀನಿ, ಎಡಗಡೆ ಪಟ್ಟಿ ಹಿಂದೆ ಆ 1 ಎಂಎಂ ಚೂರು ಸೇರಿಸಿ, ಎಡಗಡೆ ಮುಖ ಬಿಟ್‌ನ ಬಾಯಿಗೆ ಸಮ ಮಾಡಿದ್ರೆ ಬಲಗಡೆದು 1 ಎಂಎಂ ಹಿಂದೆ ಇರುತ್ತೆ. ಬಲದಿಂದ ಪಟ್ಟಿ ತಳ್ಳಿದ್ರೆ ಅಂಚಿಂದ 1 ಎಂಎಂ ತೆಗೆದು ಎಡಗಡೆ ಪೂರ್ತಿ ಆಸರೆ ಸಿಗುತ್ತೆ. ರಂದಾ ಮಷಿನ್ ಇಲ್ಲದ ನನಗೆ ಹಳೇ ಸಾಗವಾನಿಯ ಅಂಚು ನೇರ ಮಾಡಿಕೊಟ್ಟಿದ್ದು ಇದೇ.

ಈಗ ಸ್ವಿಚ್ ವಿಷಯ, ಇದನ್ನ ದಯವಿಟ್ಟು ಹಗುರ ಮಾಡ್ಕೋಬೇಡಿ. ಶುರುವಿನಲ್ಲಿ ರೂಟರ್ ಸ್ವಿಚ್ ಲಾಕ್ ಮಾಡಿಟ್ಟು ಗೋಡೆ ಸ್ವಿಚ್ಚಲ್ಲೇ ಆನ್ ಆಫ್ ಮಾಡ್ತಿದ್ದೆ. ಒಂದು ಭಾನುವಾರ ಕೆಲಸದ ನಡುವೆ ಕರೆಂಟ್ ಹೋಯ್ತು, ಕೆಳಗೆ ಹೋಗಿ ಚಾ ಕುಡಿದು ಬಂದು, ಕರೆಂಟ್ ಇಲ್ವಲ್ಲ ಅಂತ ಬಿಟ್ ಸುತ್ತ ತುಂಬಿದ್ದ ಹೊಟ್ಟನ್ನ ಕೈಯಲ್ಲಿ ಬಳಿಯೋಕೆ ಹೋದೆ. ಪ್ಲಗ್ ಕಿತ್ತಿರಲಿಲ್ಲ. ಬ್ರಷ್ ತಗೊಳ್ಳೋಣ ಅಂತ ತಿರುಗಿದೆ ನೋಡಿ, ಆಗ ಕರೆಂಟ್ ಬಂತು, ರೂಟರ್ ಕಿರ್ರ್ ಅಂತ ಎದ್ದು ಹೊಟ್ಟೆಲ್ಲ ಮುಖಕ್ಕೆ ಹಾರಿತು. ನನ್ನ ಕೈ ಅಲ್ಲಿಂದ ಬಂದು ಎರಡು ಸೆಕೆಂಡ್ ಆಗಿರಲಿಲ್ಲ. ಅವತ್ತು ಕೆಲಸ ಅಲ್ಲಿಗೇ ನಿಲ್ಲಿಸಿದೆ, ಕೈ ನಡುಗ್ತಾ ಇತ್ತು.

ಆಮೇಲೆ ನೆನಪಾಗಿದ್ದು ಚನ್ನಗಿರಿ ಕಡೆ ನಮ್ಮ ಮಾವನ ಅಡಿಕೆ ತೋಟದ ಬೋರ್‌ವೆಲ್ ಸ್ಟಾರ್ಟರ್. ಕರೆಂಟ್ ಹೋದ್ರೆ ಅದು ಟಕ್ ಅಂತ ಬೀಳುತ್ತೆ, ಬಂದ್ರೆ ತಾನಾಗಿ ಏಳಲ್ಲ, ಯಾರಾದ್ರೂ ಹೋಗಿ ಹಸಿರು ಬಟನ್ ಒತ್ತಬೇಕು. ಒಳಗೊಂದು ಕಾಯಿಲ್ ಕಾಂಟ್ಯಾಕ್ಟನ್ನ ಎಳೆದು ಹಿಡಿದಿರುತ್ತೆ, ಕರೆಂಟ್ ಹೋದ ತಕ್ಷಣ ಬಿಟ್ಟುಬಿಡುತ್ತೆ. ನಡುರಾತ್ರಿ ಎದ್ದು ಹೋಗೋದು ತಪ್ಪಲಿ ಅಂತ ರೈತರು ಅದಕ್ಕೆ ಆಟೋ (ಕರೆಂಟ್ ಬಂದ್ರೆ ತಾನಾಗೇ ಚಾಲೂ ಮಾಡೋದು) ಹಾಕಿಸ್ತಾರೆ, ನಮಗೆ ಬೇಕಾಗಿರೋದು ಆಟೋ ಇಲ್ಲದ್ದು. ಮರಗೆಲಸದ ಮಷಿನ್‌ಗೆ ಅಂತಲೇ ಇದೇ ಕೆಲಸ ಮಾಡೋ ನೋ ವೋಲ್ಟ್ ಸ್ವಿಚ್ ಬರುತ್ತೆ, ನಾನು ಸಿಂಗಲ್ ಫೇಸ್‌ದು ತಂದು ಎಲೆಕ್ಟ್ರಿಷಿಯನ್ ಕೈಲೇ ಅರ್ಥಿಂಗ್ ಸಮೇತ ಹಾಕಿಸಿದೆ. 1300 ವ್ಯಾಟ್ ಅಂದ್ರೆ 230 ವೋಲ್ಟಿಗೆ ಆರು ಆಂಪಿಯರ್ ಒಳಗೇ. ಟೇಬಲ್ ಮುಂದೆ ತೊಡೆ ತಾಗೋ ಎತ್ತರಕ್ಕೆ ಇಟ್ಟಿದೀನಿ, ಎರಡೂ ಕೈ ಮರದ ಮೇಲಿದ್ರೂ ಕೆಂಪು ಬಟನ್ ಒತ್ತಬಹುದು. ಹಂಗಂತ ಬಿಟ್ ಬದಲಾಯಿಸುವಾಗ ಸ್ವಿಚ್ ನಂಬೋದಲ್ಲ, ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಹಂಗೆ ಟೇಬಲ್ ಮೇಲೆ ಇಟ್ಕೊಂಡೇ ಸ್ಪ್ಯಾನರ್ ಹಿಡೀತೀನಿ.

ಓಡಿಸುವಾಗ ಮರ ಬಲದಿಂದ ಎಡಕ್ಕೆ. ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತೆ, ಬಲದಿಂದ ಬಂದ ಮರಕ್ಕೆ ಎದುರು ನಿಂತು ಕಚ್ಚುತ್ತೆ, ಫೆನ್ಸ್ ಕಡೆಗೇ ಒತ್ತುತ್ತೆ. ಎಡದಿಂದ ತಳ್ಳಿದ್ರೆ ಮರ ಕಿತ್ಕೊಂಡು ಹೋಗುತ್ತೆ. ಫೆನ್ಸ್‌ಗೂ ಬಿಟ್‌ಗೂ ನಡುವೆ ಮರ ತೂರಿಸೋದು ಯಾವತ್ತೂ ಬೇಡ, ಅಲ್ಲಿ ಬಿಟ್‌ನ ಹಿಂಬದಿ ಮರವನ್ನ ಬಾಣದ ಥರ ಎಸೆಯುತ್ತೆ, ಹಿಂದೆ ನಿಮ್ಮ ಕೈನೂ ಹೋಗುತ್ತೆ. ಗ್ಲೌಸ್ ಹಾಕಬೇಡಿ, ಕನ್ನಡಕ, ಕಿವಿಗೆ ಮಫ್, ಮಾಸ್ಕ್ ಬೇಕೇ ಬೇಕು. ಒಂದು ಸಲಕ್ಕೆ 3 ಎಂಎಂಗಿಂತ ಆಳ ಬೇಡ. ಸಾಗವಾನಿಯಲ್ಲಿ ಸಿಲಿಕಾ ಇರೋದ್ರಿಂದ ಬಿಟ್ ಬೇಗ ಮೊಂಡಾಗುತ್ತೆ, ಕಾರ್ಬೈಡ್‌ದೇ ತಗೊಳ್ಳಿ, ಮರದ ಮೇಲೆ ಕಪ್ಪು ಸುಟ್ಟ ಗೆರೆ ಬಂದ್ರೆ ಒಂದಾ ನಿಧಾನ ತಳ್ತಾ ಇದೀರಿ ಇಲ್ಲಾ ಬಿಟ್ ಮುಗೀತು ಅಂತ.

ರೂಟರ್ ಬಿಟ್ಟು ನನಗೆ ಆಗಿದ್ದು ಸುಮಾರು 3,500 ರೂಪಾಯಿ, ಹಾಳಾದ ಮೊದಲನೇ ಟಾಪೂ ಸೇರಿ. ದೇವರ ಮನೆ ಬಾಗಿಲಿನ ಎಂಟು ಪಟ್ಟಿಗೂ ಗ್ರೂವ್ ಹೊಡೆಯೋಕೆ ಒಂದು ಬೆಳಗ್ಗೆ ಸಾಕಾಯ್ತು, 9 ಎಂಎಂ ಆಳದ್ದನ್ನ ಮೂರು ಸಲಕ್ಕೆ ತೆಗೆದೆ. ಪ್ಯಾನೆಲ್‌ಗೆ ಅಂಟು ಹಾಕಿಲ್ಲ, ಮಳೆಗಾಲದಲ್ಲಿ ಹಿಗ್ಗಲಿ ಅಂತ ಗ್ರೂವ್ ಒಳಗೆ ಎರಡೂ ಬದಿ ಎರಡೆರಡು ಎಂಎಂ ಜಾಗ ಬಿಟ್ಟಿದೀನಿ. ಅಮ್ಮ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದ್ದಾರೆ. ಅಂಚು ಹೋಗಿದ್ದ ಆ ಮೊದಲನೇ ಪಟ್ಟಿನ ಬಿಸಾಕಿಲ್ಲ, ಟೇಬಲ್ ಮೇಲೆ 1 ಎಂಎಂ 1 ಎಂಎಂ ತೆಗೆದು ನೇರ ಮಾಡ್ಕೊಂಡೆ, ಈಗ ಅದು ದೀಪ ಇಡೋ ಸ್ಟ್ಯಾಂಡಿನ ಮುಂದಿನ ಪಟ್ಟಿ.